ಹೊಲದ ಲೆಕ್ಕ ಫೋನಿನಲ್ಲಿ: ತೊಗರಿ ಬೆಳೆಗಾರರು ದಾಖಲೆ ಜೋಡಿಸಿಕೊಳ್ಳುವ ಕ್ರಮ



ಸೇಡಂ ತಾಲ್ಲೂಕಿನ ಕೋಡ್ಲಾ ಸುತ್ತಿನ ಎರೆ ಭೂಮಿಯಲ್ಲಿ ಹಿರಿಯ ರೈತರೊಬ್ಬರನ್ನು "ತೊಗರಿ ಯಾವಾಗ ಬಿತ್ತಿದಿರಿ?" ಎಂದು ಕೇಳಿದರೆ "ಮಿರಗ ಮುಗಿದು ಆರಿದ್ರಾ ಹಿಡಿಯುವಾಗ" ಎಂಬ ಉತ್ತರ ದೊರೆಯುತ್ತದೆ. ಯಾವ ಹೊಲದಲ್ಲಿ ಎಂದರೆ "ಹಳ್ಳದ ದಂಡೆಯ ಹೊಲದಲ್ಲಿ" ಎನ್ನುತ್ತಾರೆ. ಊರಿನವರಿಗೆ ಇಷ್ಟು ಸಾಕು. ಮಳೆ ನಕ್ಷತ್ರದ ಲೆಕ್ಕವೂ ಹೊಲದ ಹೆಸರೂ ತಲೆಮಾರುಗಳಿಂದ ನಡೆದುಬಂದ ಒಳ್ಳೆಯ ದಾಖಲೆಗಳೇ ಆಗಿವೆ. ಆದರೆ ಬೆಳೆ ವಿಮೆಗೆ, ಬರ ಪರಿಹಾರಕ್ಕೆ, ಬೆಂಬಲ ಬೆಲೆಯ ಖರೀದಿಗೆ ಹೆಸರು ನೋಂದಾಯಿಸುವ ಯಂತ್ರಕ್ಕೆ ಹಳ್ಳದ ದಂಡೆ ಗೊತ್ತಿಲ್ಲ, ಆರಿದ್ರಾ ಮಳೆಯೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸರ್ವೆ ನಂಬರು, ಹಿಸ್ಸಾ ನಂಬರು ಮತ್ತು ತಾರೀಖು ಮಾತ್ರ.

ನಿಮ್ಮ ಹೊಲದ ವಿಷಯವನ್ನು ಬೇರೆಯವರು ಈಗಾಗಲೇ ಯಂತ್ರದಲ್ಲಿ ಬರೆದಿಟ್ಟಿದ್ದಾರೆ. ಅವರು ಬರೆದದ್ದು ಸರಿಯಿದೆಯೋ ಇಲ್ಲವೋ ಎಂದು ತಾಳೆ ನೋಡಬೇಕಾದರೆ ನಿಮ್ಮದೇ ಆದ ದಾಖಲೆ ನಿಮ್ಮ ಕೈಯಲ್ಲಿರಬೇಕು. ಇದಕ್ಕೆ ಬೇಕಾದ ಸಲಕರಣೆ ಇಂದು ಬಹುತೇಕ ಮನೆಗಳಲ್ಲಿರುವ ಸ್ಮಾರ್ಟ್‌ಫೋನಿನಲ್ಲಿಯೇ ಇದೆ. ಅದನ್ನು ಬಳಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಸರ್ಕಾರದ ಕಡತದಲ್ಲಿ ನೀವು

ನಮ್ಮ ಭಾಗ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಕಾಲದಲ್ಲಿ ಪಹಣಿಯನ್ನು ಪಟವಾರಿ ಕೈಯಿಂದ ಬರೆಯುತ್ತಿದ್ದನು, ಅದು ಅವನ ಗಂಟಿನಲ್ಲಿಯೇ ಇರುತ್ತಿತ್ತು. 2000ದ ಸುಮಾರಿಗೆ ಭೂಮಿ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ಅಲ್ಲಿಂದ ಮುಂದೆ ಪಹಣಿಗಾಗಿ ಒಬ್ಬನ ಮರ್ಜಿ ಕಾಯುವುದು ತಪ್ಪಿತು. ಇದೊಂದು ದೊಡ್ಡ ಉಪಕಾರವೇ ಸರಿ. ಆದರೆ ಹಳೆಯ ಕೈಬರಹದ ತಪ್ಪುಗಳೂ ಪಹಣಿಯ ಜೊತೆಯಲ್ಲಿಯೇ ಯಂತ್ರಕ್ಕೆ ಏರಿದವು ಎಂಬುದನ್ನು ಮರೆಯಬಾರದು.

ಇದರ ಮೇಲೆ ಫ್ರೂಟ್ಸ್ ಎಂಬ ನೋಂದಣಿ ವ್ಯವಸ್ಥೆ ಬಂದಿದೆ. ರೈತ ಸಂಪರ್ಕ ಕೇಂದ್ರದಲ್ಲಿ ಆಧಾರ್, ಪಹಣಿ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ವಿವರ ಕೊಟ್ಟರೆ ಎಫ್‌ಐಡಿ ಎಂಬ ಸಂಖ್ಯೆಯೊಂದು ದೊರೆಯುತ್ತದೆ. ನಿಮ್ಮ ಹೆಸರಿನ ಎಲ್ಲಾ ಸರ್ವೆ ನಂಬರುಗಳೂ ಈ ಒಂದು ಸಂಖ್ಯೆಯ ಕೆಳಗೆ ಬರತಕ್ಕದ್ದು. ಎಷ್ಟೋ ಕಡೆ ಬಂದಿರುವುದಿಲ್ಲ. ನಾಲ್ಕು ತುಂಡು ಹೊಲವಿದ್ದವರ ಎಫ್‌ಐಡಿಯಲ್ಲಿ ಎರಡೇ ತುಂಡು ಸೇರಿದ್ದರೆ ಉಳಿದೆರಡು ತುಂಡುಗಳಿಗೆ ಪರಿಹಾರದ ಲೆಕ್ಕ ಹತ್ತುವುದಿಲ್ಲ. 2023ರ ಮುಂಗಾರಿನಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಲಾಯಿತು. 2024ರ ಜನವರಿಯಲ್ಲಿ ಪರಿಹಾರದ ಮೊದಲ ಕಂತಾಗಿ 2,000 ರೂಪಾಯಿವರೆಗಿನ ಹಣವನ್ನು ಈ ಫ್ರೂಟ್ಸ್ ದಾಖಲೆಯ ಆಧಾರದ ಮೇಲೆಯೇ ಖಾತೆಗಳಿಗೆ ಜಮಾ ಮಾಡಲಾಯಿತು. ಒಂದೇ ಊರಿನಲ್ಲಿ, ಒಂದೇ ಬದುವಿನ ಎರಡು ಮಗ್ಗುಲಿಗೆ ಒಬ್ಬರಿಗೆ ಹಣ ಬಂದು ಇನ್ನೊಬ್ಬರಿಗೆ ಬಾರದಿದ್ದಾಗ ಕಾರಣವನ್ನು ಮೊದಲು ಇಲ್ಲಿ ಹುಡುಕಬೇಕು.

ಹೆಸರಿನ ವ್ಯತ್ಯಾಸವೂ ತೊಂದರೆ ಕೊಡುತ್ತದೆ. ಪಹಣಿಯಲ್ಲಿ ತಂದೆಯ ಹೆಸರಿನೊಡನೆ, ಆಧಾರಿನಲ್ಲಿ ಮನೆತನದ ಹೆಸರಿನೊಡನೆ ಇರುವುದು ನಮ್ಮಲ್ಲಿ ಸಾಮಾನ್ಯ. ಇನ್ನು ತಂದೆ ತೀರಿಕೊಂಡು ಹತ್ತು ವರ್ಷವಾದರೂ ಪಹಣಿ ಅವರ ಹೆಸರಿನಲ್ಲಿಯೇ ಇರುವ ಮನೆಗಳಿಗೆ ಲೆಕ್ಕವಿಲ್ಲ. ಪೌತಿ ಖಾತೆ ಮಾಡಿಸಿಕೊಳ್ಳದ ಹೊರತು ಆ ಭೂಮಿಯನ್ನು ಉಳುವವನ ಹೆಸರಿಗೆ ಸೇರಿಸಲು ಬರುವುದಿಲ್ಲ. ಅಣ್ಣತಮ್ಮಂದಿರು ಕೂಡಿ ಕುಳಿತು ಈ ಕೆಲಸವನ್ನು ಬೇಸಿಗೆಯಲ್ಲಿ ಮುಗಿಸಿಕೊಳ್ಳುವುದು ಲೇಸು. ಬಿತ್ತನೆಯ ಕಾಲದಲ್ಲಿ ತಹಸೀಲ ಕಚೇರಿಗೆ ಓಡಾಡುವವನ ಹೊಲ ಹದ ತಪ್ಪುತ್ತದೆ.

ಸಿಮೆಂಟ್ ಕಾರ್ಖಾನೆಗಳಿಗೆ, ಸುಣ್ಣದ ಕಲ್ಲಿನ ಗಣಿಗಳಿಗೆ ಜಮೀನಿನ ಒಂದು ಭಾಗ ಹೋಗಿರುವ ಊರುಗಳವರು ಇನ್ನಷ್ಟು ಎಚ್ಚರ ವಹಿಸಬೇಕು. ಉಳಿದ ಭಾಗದ ಹಿಸ್ಸಾ ನಂಬರು ಬದಲಾಗಿರಬಹುದು. ಬ್ಯಾಂಕಿನಲ್ಲಿ, ಫ್ರೂಟ್ಸ್‌ನಲ್ಲಿ ಹಳೆಯ ನಂಬರೇ ಉಳಿದಿರಬಹುದು. ದಿಶಾಂಕ್ ಎಂಬ ಆ್ಯಪ್ ಇಳಿಸಿಕೊಂಡು ಹೊಲದ ನಡುವೆ ನಿಂತು ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಬದುವಿನ ಸಮೀಪ ನಿಂತರೆ ಪಕ್ಕದ ನಂಬರು ತೋರಿಸುವ ಸಂಭವವಿರುವುದರಿಂದ ನಡುಹೊಲದಲ್ಲಿಯೇ ನಿಲ್ಲಬೇಕು. ಇದು ಗುರುತಿಗಾಗಿ ಮಾತ್ರ. ಗಡಿಯ ತಕರಾರಿಗೆ ಭೂಮಾಪಕರ ಅಳತೆಯೇ ಪ್ರಮಾಣ.

ಮೊದಲು ಒಂದು ಹಾಳೆ

ಫೋನಿಗೆ ಕೈ ಹಾಕುವ ಮೊದಲು ಒಂದು ಹಾಳೆ ತೆಗೆದುಕೊಂಡು ಮನೆಯ ಎಲ್ಲಾ ಹೊಲಗಳ ಹೆಸರನ್ನು ಎಡಗಡೆಗೆ, ಅವುಗಳ ಸರ್ವೆ ಮತ್ತು ಹಿಸ್ಸಾ ನಂಬರನ್ನು ಬಲಗಡೆಗೆ, ಎಕರೆ-ಗುಂಟೆಯನ್ನು ಅದರ ಮುಂದೆ ಬರೆಯಿರಿ. "ಹಳ್ಳದ ದಂಡೆ" ಎಂದರೆ, ಉದಾಹರಣೆಗೆ, 84/2 ಎಂದಿರಲಿ. ಹಿರಿಯರಿಗೆ ಹೆಸರು ಗೊತ್ತು, ಮಕ್ಕಳಿಗೆ ನಂಬರು ಗೊತ್ತು. ಎರಡನ್ನೂ ಕೂಡಿಸುವ ಈ ಹಾಳೆಯೇ ಮುಂದಿನ ಎಲ್ಲಾ ಕೆಲಸಕ್ಕೆ ಅಡಿಪಾಯ. ಇದಿಲ್ಲದೆ ಯಾವ ಆ್ಯಪ್ ಬಳಸಿದರೂ ಪ್ರಯೋಜನವಿಲ್ಲ.

ಅನಂತರ ಫೋನಿನಲ್ಲಿ ಗೂಗಲ್ ಡ್ರೈವ್ ತೆರೆಯಿರಿ. ಆಂಡ್ರಾಯ್ಡ್ ಫೋನುಗಳಲ್ಲಿ ಇದು ಸಾಮಾನ್ಯವಾಗಿ ಮೊದಲೇ ಇರುತ್ತದೆ. ಇದನ್ನು ದೂರದ ಊರಿನಲ್ಲಿರುವ ಒಂದು ಕಬ್ಬಿಣದ ಪೆಟ್ಟಿಗೆ ಎಂದು ತಿಳಿಯಿರಿ. ಕೀಲಿ ಕೈ ನಿಮ್ಮದು. ಫೋನು ಬಾವಿಗೆ ಬಿದ್ದರೂ ಪೆಟ್ಟಿಗೆಯಲ್ಲಿ ಇಟ್ಟದ್ದು ಉಳಿಯುತ್ತದೆ. 15 ಜಿಬಿವರೆಗೆ ಹಣ ಕೊಡಬೇಕಾಗಿಲ್ಲ. ಕಾಗದಪತ್ರಗಳ ಚಿತ್ರಗಳಿಗೆ ಇದು ಅನೇಕ ವರ್ಷಗಳವರೆಗೆ ಸಾಕಾಗುತ್ತದೆ. ಮದುವೆಯ ವಿಡಿಯೋಗಳನ್ನು ಇದರೊಳಗೆ ತುಂಬಿದರೆ ಮಾತ್ರ ಸಾಲದು.

ಈ ಪೆಟ್ಟಿಗೆಯೊಳಗೆ ಒಂದೊಂದು ಸರ್ವೆ ನಂಬರಿಗೆ ಒಂದೊಂದು ಫೋಲ್ಡರು, ಅಂದರೆ ಒಂದೊಂದು ಚೀಲ ಮಾಡಿರಿ. ಆ ಹೊಲದ ಪಹಣಿ, ಮಣ್ಣಿನ ಆರೋಗ್ಯ ಚೀಟಿ, ಬೆಳೆ ಚಿತ್ರಗಳು ಅದರಲ್ಲಿ ಹೋಗಲಿ. ಮನೆಗೆಲ್ಲಾ ಸಂಬಂಧಿಸಿದ ಆಧಾರ್, ಪಾಸ್‌ಬುಕ್, ಎಫ್‌ಐಡಿ, ಸಾಲದ ಕಾಗದಗಳಿಗೆ ಬೇರೊಂದು ಚೀಲವಿರಲಿ. ಕೆಲವರು ವರ್ಷಕ್ಕೊಂದು, ಬೆಳೆಗೊಂದು, ಇಲಾಖೆಗೊಂದು ಎಂದು ಹತ್ತಾರು ಚೀಲ ಮಾಡಿಕೊಂಡು ಕೊನೆಗೆ ಯಾವುದರಲ್ಲಿ ಏನಿದೆಯೆಂದು ತಿಳಿಯದೆ ಬಳಲುತ್ತಾರೆ. ಹೊಲ ಬದಲಾಗುವುದಿಲ್ಲ, ಬೆಳೆ ಬದಲಾಗುತ್ತದೆ. ಆದುದರಿಂದ ಹೊಲವನ್ನೇ ಗೂಟ ಮಾಡಿಕೊಂಡು ಉಳಿದದ್ದನ್ನು ಅದಕ್ಕೆ ಕಟ್ಟುವುದು ಸರಿಯಾದ ಕ್ರಮ.

ಚಿತ್ರಕ್ಕೆ ಹೆಸರಿಡುವಾಗ ವರ್ಷ ಮೊದಲು, ತಿಂಗಳು ಅನಂತರ, ದಿನ ಕೊನೆಗೆ ಬರೆಯಿರಿ. "2025-06-22 84-2 ತೊಗರಿ ಬಿತ್ತನೆ" ಎಂದಿರಲಿ. ನಾವು ಕಾಗದದ ಮೇಲೆ ದಿನವನ್ನು ಮೊದಲು ಬರೆಯುವವರಾದ್ದರಿಂದ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಯಂತ್ರ ಎಡದಿಂದ ಬಲಕ್ಕೆ ಅಂಕಿಗಳನ್ನು ಓದಿ ಸಾಲು ಹಚ್ಚುತ್ತದೆ. ವರ್ಷ ಮೊದಲಿದ್ದರೆ ಕಾಗದಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ದಿನ ಮೊದಲಿದ್ದರೆ ಎಲ್ಲಾ ವರ್ಷಗಳ ಒಂದನೆಯ ತಾರೀಖುಗಳು ಒಂದೆಡೆ ಗುಂಪುಗೂಡಿ ಗೊಂದಲವಾಗುತ್ತದೆ. ಕನ್ನಡದಲ್ಲಿ ಟೈಪು ಮಾಡಲು ಬಾರದವರು ಕೀಲಿಮಣೆಯ ಮೇಲಿನ ಮೈಕಿನ ಗುರುತು ಒತ್ತಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ನಮ್ಮ ಕಡೆಯ ಮಾತನ್ನು ಒಮ್ಮೊಮ್ಮೆ ತಪ್ಪಾಗಿ ಕೇಳಿಸಿಕೊಳ್ಳುವುದುಂಟು. ಅಂಕಿಗಳನ್ನಂತೂ ಎರಡು ಸಲ ನೋಡಬೇಕು.

ವಾಟ್ಸಾಪ್ ಗುಂಪನ್ನೇ ಕಡತವೆಂದು ನಂಬಿ ಕೂಡುವವರು ಬಹಳ. "ಗುಂಪಿಗೆ ಹಾಕಿದ್ದೇನಲ್ಲ" ಎನ್ನುತ್ತಾರೆ. ಮೂರು ತಿಂಗಳ ಮೇಲೆ ಶುಭೋದಯದ ಹೂವಿನ ಚಿತ್ರಗಳ ನಡುವೆ ಬೀಜದ ರಸೀದಿಯನ್ನು ಹುಡುಕುವುದು ಹುಲ್ಲಿನ ಬಣವೆಯಲ್ಲಿ ಕುಡುಗೋಲು ಹುಡುಕಿದಂತೆ. ಅಲ್ಲದೆ ವಾಟ್ಸಾಪ್ ಮೂಲಕ ಸಾಮಾನ್ಯ ರೀತಿಯಲ್ಲಿ ಕಳಿಸಿದ ಚಿತ್ರ ಕುಗ್ಗಿಹೋಗುತ್ತದೆ, ಚಿತ್ರ ತೆಗೆದ ಸ್ಥಳದ ಗುರುತೂ ಅಳಿಸಿಹೋಗುತ್ತದೆ. ಮೂಲ ಚಿತ್ರ ಬೇಕಾದಲ್ಲಿ ಅದನ್ನು 'ಡಾಕ್ಯುಮೆಂಟ್' ಎಂದು ಆರಿಸಿ ಕಳಿಸಬೇಕು. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಸ್ಥಳದ ಗುರುತು ಉಳಿಯುವಂತೆ ಒಮ್ಮೆ ಮಾಡಿಟ್ಟುಕೊಂಡರೆ ಮುಂದೆ ತೆಗೆದ ಪ್ರತಿಯೊಂದು ಹೊಲದ ಚಿತ್ರವೂ ಒಂದು ಸಾಕ್ಷಿಯಾಗುತ್ತದೆ.

ಬೀಜದ ಚೀಲವನ್ನು ಬಿಚ್ಚುವ ಮೊದಲು ಅದಕ್ಕೆ ಹೊಲಿದ ಚೀಟಿಯ ಚಿತ್ರ ತೆಗೆಯಿರಿ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತದೆ, ಅದರ ಮೇಲೆ ಲಾಟ್ ನಂಬರು ಇರುತ್ತದೆ. ಬೀಜ ಮೊಳೆಯದಿದ್ದಾಗ ರಸೀದಿಯೂ ಈ ಚೀಟಿಯೂ ಇಲ್ಲದೆ ದೂರು ಕೊಡಲು ಹೋದವರ ಮಾತಿಗೆ ಬಲವಿರುವುದಿಲ್ಲ. ಅಡತಿ ಅಂಗಡಿಯ ಲೆಕ್ಕಪಟ್ಟಿಯನ್ನೂ ಹೀಗೆಯೇ ಅಂದೇ ಚಿತ್ರ ತೆಗೆದಿಡಬೇಕು. ಆ ತೆಳು ಕಾಗದದ ಮಸಿ ಒಂದು ಬೇಸಿಗೆ ತಾಳುವುದಿಲ್ಲ.

ಆರು ಕಂಬದ ಲೆಕ್ಕ

ಚಿತ್ರಗಳು ಚೀಲದಲ್ಲಿರಲಿ, ಲೆಕ್ಕಕ್ಕೆ ಗೂಗಲ್ ಶೀಟ್ಸ್ ಎಂಬ ಗೆರೆ ಹೊಡೆದ ಹಾಳೆ ಒಳ್ಳೆಯದು. ತಾರೀಖು, ಸರ್ವೆ ನಂಬರು, ಕೆಲಸ, ಪ್ರಮಾಣ, ಖರ್ಚು ಅಥವಾ ಆದಾಯ, ಷರಾ ಎಂದು ಆರು ಕಂಬ ಸಾಕು. ಹೆಚ್ಚು ಕಂಬ ಮಾಡಿದರೆ ಒಂದು ವಾರ ಉತ್ಸಾಹದಿಂದ ಬರೆದು ಬಿಟ್ಟುಬಿಡುತ್ತೀರಿ. ಷರಾ ಕಂಬದಲ್ಲಿ ನಿಮ್ಮ ಮಳೆ ನಕ್ಷತ್ರವನ್ನು ಧಾರಾಳವಾಗಿ ಬರೆಯಿರಿ. ಎಕರೆಗೆ 5 ಕಿಲೋ ಬೀಜ, ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿ 84/2ರಲ್ಲಿ ಟಿಎಸ್-3ಆರ್ ತಳಿ ಬಿತ್ತಿದರೆ ಅದು ಒಂದು ಸಾಲು. ಎರಡನೆಯ ಸಾಲು ಎಡೆ ಹೊಡೆದ ಕೂಲಿ. ಹೀಗೆ ರಾಶಿ ಆಗುವವರೆಗೆ ಒಂದು ಹೊಲಕ್ಕೆ ಹದಿನೈದು ಇಪ್ಪತ್ತು ಸಾಲಿಗಿಂತ ಹೆಚ್ಚಾಗುವುದಿಲ್ಲ.

ಇದರ ಗುಣವೆಂದರೆ, ಮೇಲಿನ ಸೋಸುವ ಗುರುತನ್ನು ಒತ್ತಿ 84/2 ಎಂದು ಆರಿಸಿದರೆ ಆ ಹೊಲದ ಸಾಲುಗಳಷ್ಟೇ ಮುಂದೆ ನಿಲ್ಲುತ್ತವೆ. ಜರಡಿ ಹಿಡಿದಂತೆ. ತೊಗರಿಗೆ ಕಾಯಿಕೊರಕದ ಔಷಧಿಯನ್ನು ಎಷ್ಟು ಸಲ, ಯಾವ ಯಾವ ತಾರೀಖಿಗೆ, ಎಷ್ಟು ಹಣಕ್ಕೆ ಹೊಡೆದಿರಿ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಒಂದೇ ಔಷಧಿಯನ್ನು ಮೇಲಿಂದ ಮೇಲೆ ಹೊಡೆಯುತ್ತಿದ್ದೀರಾ ಎಂಬುದೂ ಗೊತ್ತಾಗುತ್ತದೆ. ನೆನಪು ಇಲ್ಲಿ ನಂಬಲರ್ಹವಲ್ಲ. ಬೆಲೆ ಬಂದ ವರ್ಷ ಖರ್ಚು ಕಡಿಮೆಯಾಗಿತ್ತೆಂದೂ ಬೆಲೆ ಬಿದ್ದ ವರ್ಷ ಹೆಚ್ಚಾಗಿತ್ತೆಂದೂ ಮನಸ್ಸು ಹೇಳುತ್ತದೆ.

ಹೊಲದಲ್ಲಿ ಸಿಗ್ನಲ್ ಸಿಗದಿದ್ದರೆ ಚಿಂತೆಯಿಲ್ಲ. ಆ ಹಾಳೆಯನ್ನು 'ಆಫ್‌ಲೈನ್' ಎಂದು ಗುರುತು ಮಾಡಿಟ್ಟರೆ ಅಲ್ಲಿಯೇ ಬರೆಯಬಹುದು, ಊರಿಗೆ ಬಂದ ಮೇಲೆ ತಾನಾಗಿ ಏರುತ್ತದೆ. ಹೈದರಾಬಾದಿಗೋ ಪುಣೆಗೋ ಬೆಂಗಳೂರಿಗೋ ದುಡಿಯಲು ಹೋಗಿರುವ ತಮ್ಮನಿಗೆ ಇದೇ ಹಾಳೆಯನ್ನು ತೋರಿಸಬಹುದು. ಹಂಚುವಾಗ 'ನೋಡಲು ಮಾತ್ರ', 'ತಿದ್ದಲು' ಎಂಬಂಥ ಬೇರೆ ಬೇರೆ ಬಗೆಯ ಅನುಮತಿಗಳಿವೆ. ನಂಬಿಕೆಯ ಒಬ್ಬಿಬ್ಬರಿಗೆ ಮಾತ್ರ ತಿದ್ದಲು ಬಿಡಿ. ಯಾರು ಯಾವಾಗ ಏನು ತಿದ್ದಿದರೆಂಬ ಹಳೆಯ ಆವೃತ್ತಿಗಳನ್ನು ಅದು ಉಳಿಸಿಕೊಂಡಿರುತ್ತದೆ. ಪಾಲಿನ ಲೆಕ್ಕದಲ್ಲಿ ಮನಸ್ತಾಪ ಬರುವ ಮನೆಗಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲವೆಂದು ನನ್ನ ಅಭಿಪ್ರಾಯ.

ಬೆಳೆ ಸಮೀಕ್ಷೆ ಮತ್ತು ವಿಮೆ

ಈ ಶ್ರಮಕ್ಕೆ ಫಲ ದೊರೆಯುವುದು ಇಲ್ಲಿ. ಪ್ರತಿ ಹಂಗಾಮಿನಲ್ಲಿಯೂ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಷ್ಟು ಇದೆ ಎಂಬುದನ್ನು ಮೊಬೈಲಿನ ಮೂಲಕ ದಾಖಲಿಸಲಾಗುತ್ತದೆ. 2020ರಿಂದ ರೈತರೇ ತಮ್ಮ ಹೊಲಕ್ಕೆ ಹೋಗಿ ಚಿತ್ರ ತೆಗೆದು ಏರಿಸಲು ಅವಕಾಶ ಕೊಡಲಾಗಿದೆ. ನೀವು ಮಾಡದಿದ್ದರೆ ನೇಮಕಗೊಂಡ ಖಾಸಗಿ ನಿವಾಸಿಗಳು ಬಂದು ಮಾಡುತ್ತಾರೆ. ಅವರಿಗೆ ನೂರಾರು ಹೊಲಗಳ ಹೊಣೆ ಇರುತ್ತದೆ, ನಿಮಗಾದರೋ ನಿಮ್ಮದಷ್ಟೇ.

ನಮ್ಮ ಭಾಗದಲ್ಲಿ ತಪ್ಪು ನುಸುಳುವುದು ಹೆಚ್ಚಾಗಿ ಮಿಶ್ರ ಬೆಳೆಯಲ್ಲಿ. ತೊಗರಿಯ ಸಾಲುಗಳ ನಡುವೆ ಹೆಸರು ಅಥವಾ ಉದ್ದು ಹಾಕಿರುತ್ತೀರಿ. ಹೆಸರು ಅರವತ್ತು ಎಪ್ಪತ್ತು ದಿನದ ಬೆಳೆ, ಆಗಸ್ಟ್ ಕೊನೆಗೆ ಕಿತ್ತು ಮುಗಿದಿರುತ್ತದೆ. ಸಮೀಕ್ಷೆಯವರು ಸೆಪ್ಟೆಂಬರಿನಲ್ಲಿ ಬಂದರೆ ಹೆಸರು ಕಾಣುವುದೇ ಇಲ್ಲ. ಮೊದಲೇ ಬಂದರೆ ದಟ್ಟವಾಗಿ ಕಾಣುವ ಹೆಸರನ್ನೇ ಬರೆದುಕೊಂಡು ಎಳೆಯ ತೊಗರಿಯನ್ನು ಬಿಟ್ಟುಬಿಡುವ ಸಂಭವವೂ ಇದೆ. ಆದುದರಿಂದ ಬಿತ್ತಿದ ಒಂದು ತಿಂಗಳೊಳಗೆ ಎರಡೂ ಬೆಳೆಗಳು ಸ್ಪಷ್ಟವಾಗಿ ಕಾಣುವಂತೆ ಸಾಲಿನ ಉದ್ದಕ್ಕೆ ನಿಂತು ಒಂದು ಚಿತ್ರ ತೆಗೆದು ಚೀಲದಲ್ಲಿಡಿ. ಸಮೀಕ್ಷೆಯ ಫಲಿತಾಂಶವನ್ನು 'ಬೆಳೆ ದರ್ಶಕ' ಆ್ಯಪ್‌ನಲ್ಲಿ ನೋಡಬಹುದು, ತಪ್ಪಿದ್ದರೆ ಆಕ್ಷೇಪಣೆಯನ್ನೂ ಅಲ್ಲಿಯೇ ಸಲ್ಲಿಸಬಹುದು. ಆಕ್ಷೇಪಣೆಗೆ ಅವಧಿ ಇರುತ್ತದೆ. ಈ ಆ್ಯಪ್‌ಗಳು ಹಂಗಾಮಿಗೆ ತಕ್ಕಂತೆ ಹೊಸದಾಗಿ ಬರುವುದರಿಂದ ಹಳೆಯದನ್ನು ತೆಗೆದು ಹೊಸದನ್ನು ಇಳಿಸಿಕೊಳ್ಳಬೇಕು.

2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿ ತೊಗರಿಗೆ ರೈತರ ಕಂತು ವಿಮಾ ಮೊತ್ತದ ಶೇಕಡಾ 2. ವಿಮೆಗೆ ಬರೆಸಿದ ಬೆಳೆಯನ್ನು ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೊಡನೆ ತಾಳೆ ನೋಡಲಾಗುತ್ತದೆ. ಅಲ್ಲಿ ತೊಗರಿ, ಇಲ್ಲಿ ಹೆಸರು ಎಂದಾದರೆ ಅರ್ಜಿ ತಿರಸ್ಕೃತವಾಗಬಹುದು. ಆ ಹೊತ್ತಿಗೆ ಹೊಲದಲ್ಲಿ ತೊಗರಿಯ ಕೂಳೆಯೂ ಉಳಿದಿರುವುದಿಲ್ಲ. ಉಳಿದಿರುವುದು ನೀವು ಜುಲೈಯಲ್ಲಿ ತೆಗೆದಿಟ್ಟ ಚಿತ್ರ ಮಾತ್ರ.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇಳುವರಿ ನಷ್ಟದ ಪರಿಹಾರ ನಿಮ್ಮೊಬ್ಬರ ಹೊಲ ನೋಡಿ ನಿರ್ಧಾರವಾಗುವುದಿಲ್ಲ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯಲ್ಲಿ ಆರಿಸಿದ ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ, ಅದರ ಸರಾಸರಿಯ ಮೇಲೆ ಇಡೀ ಪಂಚಾಯಿತಿಗೆ ಲೆಕ್ಕ ಹಾಕುತ್ತಾರೆ. ನಿಮ್ಮ ಫೋನಿನ ಚಿತ್ರದಿಂದ ಆ ಸರಾಸರಿ ಬದಲಾಗದು. ಆದರೆ ಆಲಿಕಲ್ಲಿನಂಥ ಸ್ಥಳೀಯ ವಿಕೋಪದಿಂದ ನಷ್ಟವಾದಾಗ ವೈಯಕ್ತಿಕ ಹೊಲವನ್ನೇ ಪರೀಕ್ಷಿಸುತ್ತಾರೆ. ಇದಕ್ಕೆ 72 ಗಂಟೆಯೊಳಗೆ ತಿಳಿಸಬೇಕು. 14447 ಸಂಖ್ಯೆಗೆ ಕರೆ ಮಾಡಬಹುದು, ಬೆಳೆ ವಿಮೆಯ ಆ್ಯಪ್‌ನಲ್ಲಿಯೂ ದಾಖಲಿಸಬಹುದು. ಆಗ ಅರ್ಜಿ ಸಂಖ್ಯೆ, ಸರ್ವೆ ನಂಬರು, ಬೆಳೆ ಎಲ್ಲವನ್ನೂ ಕೇಳುತ್ತಾರೆ. ಪೆಟ್ಟಿಗೆ ಜೋಡಿಸಿಟ್ಟವರಿಗೆ ಅದು ಐದು ನಿಮಿಷದ ಕೆಲಸ. ಉಳಿದವರಿಗೆ ಎರಡು ದಿನ ಕಾಗದ ಹುಡುಕುವುದರಲ್ಲಿಯೇ ಕಳೆಯುತ್ತದೆ.

ಮಗಳಿಗೆ ಒಪ್ಪಿಸುವ ಮುನ್ನ

ಈ ಕೆಲಸವನ್ನು ಓದುವ ಮಗನಿಗೋ ಮಗಳಿಗೋ ಒಪ್ಪಿಸುವುದು ರೂಢಿ. ತಪ್ಪಲ್ಲ, ಅವರ ಬೆರಳು ಬೇಗ ಓಡುತ್ತದೆ. ಆದರೆ ಪಾಸ್‌ವರ್ಡನ್ನು ಮನೆಯ ಯಜಮಾನರೂ ಅವರ ಪತ್ನಿಯೂ ತಿಳಿದಿರಬೇಕು. ಮಗಳು ಮದುವೆಯಾಗಿ ಚಿಂಚೋಳಿಗೆ ಹೋದ ಮೇಲೆ ಪೆಟ್ಟಿಗೆಯ ಕೀಲಿಯೂ ಅವಳೊಡನೆ ಹೋಗಬಾರದು. ಅಂಗಡಿಯವರ ಫೋನಿನಲ್ಲಿ, ಅವರ ಖಾತೆಯಲ್ಲಿ ನಿಮ್ಮ ಕಾಗದಗಳನ್ನು ಇಡಿಸಬೇಡಿ. ನೋಂದಣಿಗೆ ನಿಮ್ಮದೇ ಮೊಬೈಲ್ ಸಂಖ್ಯೆ ಕೊಡಿ. ಮಧ್ಯವರ್ತಿಯ ಸಂಖ್ಯೆ ಕೊಟ್ಟರೆ ಒಟಿಪಿ, ಸಂದೇಶ ಎಲ್ಲವೂ ಅವನಿಗೇ ಹೋಗುತ್ತವೆ. ಪರಿಹಾರ ಮಂಜೂರಾಗಿದೆ, ಒಟಿಪಿ ಹೇಳಿ ಎಂದು ಕರೆ ಬಂದರೆ ಫೋನು ಇಡಿ. ಯಾವ ಇಲಾಖೆಯವರೂ ಹಾಗೆ ಕೇಳುವುದಿಲ್ಲ.

ನೆಟೆ ರೋಗದ ದಾಖಲೆ

ಕೊನೆಯದಾಗಿ, ಸರ್ಕಾರಕ್ಕಾಗಿ ಅಲ್ಲದೆ ನಿಮ್ಮ ಬೆಳೆಗಾಗಿಯೇ ಇಡಬೇಕಾದ ದಾಖಲೆ ಒಂದಿದೆ. ಬೇಸಾಯ ಶಾಸ್ತ್ರದವನಾದ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದು ತೋರುವುದು ಇದೇ. 2022ರ ಮುಂಗಾರಿನಲ್ಲಿ ಬಿತ್ತಿದ ತೊಗರಿಗೆ ಕಲಬುರಗಿ ಜಿಲ್ಲೆಯಲ್ಲಿ ನೆಟೆ ರೋಗ ವ್ಯಾಪಕವಾಗಿ ತಗುಲಿ, ಕಾಯಿ ಕಟ್ಟುವ ಹೊತ್ತಿಗೆ ಹೊಲಕ್ಕೆ ಹೊಲವೇ ಒಣಗಿದ್ದು ನಿಮ್ಮ ನೆನಪಿನಲ್ಲಿದೆ. ಈ ರೋಗದ ಶಿಲೀಂಧ್ರ ಮಣ್ಣಿನಲ್ಲಿ ಉಳಿದ ಬೇರು-ಕೂಳೆಗಳಲ್ಲಿ ಸುಮಾರು ಮೂರು ವರ್ಷ ಬದುಕಿರಬಲ್ಲದು. ಹಾಗಿರುವಲ್ಲಿ ಯಾವ ಸರ್ವೆ ನಂಬರಿನ ಯಾವ ಮೂಲೆಯಲ್ಲಿ ಯಾವ ವರ್ಷ ಗಿಡ ಒಣಗಿತು ಎಂಬುದು ಗೊತ್ತಿಲ್ಲದೆ ಬೆಳೆ ಬದಲಾವಣೆ ಮಾಡುವುದು ಹೇಗೆ? ರೋಗ ಬಿದ್ದ ಹೊಲಕ್ಕೆ ಮುಂದಿನ ವರ್ಷಗಳಲ್ಲಿ ಜೋಳದಂಥ ಬೆಳೆ ಹಾಕಿ, ತೊಗರಿಯನ್ನು ಬೇರೆ ಹೊಲಕ್ಕೆ ಒಯ್ಯಬೇಕು. ಅದೇ ಹೊಲಕ್ಕೆ ತೊಗರಿ ಬರಲೇಬೇಕಾದರೆ ರೋಗ ನಿರೋಧಕ ತಳಿಯನ್ನು ಬೀಜೋಪಚಾರ ಮಾಡಿ ಬಿತ್ತಬೇಕು.

ಗಿಡ ಬಾಡುತ್ತಿರುವಾಗ ಮೂರು ಚಿತ್ರ ತೆಗೆಯಿರಿ. ಮೊದಲನೆಯದು ದೂರದಿಂದ, ಒಣಗಿದ ಗಿಡಗಳು ಚದುರಿವೆಯೋ ಗುಂಪಾಗಿವೆಯೋ ತಿಳಿಯುವಂತೆ. ಎರಡನೆಯದು ಒಂದೇ ಗಿಡದ ಕಾಂಡ. ಬುಡದಿಂದ ಮೇಲಕ್ಕೆ ನೇರಳೆ ಬಣ್ಣದ ಪಟ್ಟಿ ಏರಿದೆಯೇ ಎಂದು ಕಾಣಬೇಕು. ಮೂರನೆಯದಕ್ಕೆ ಕಾಂಡವನ್ನು ಉದ್ದಕ್ಕೆ ಸೀಳಬೇಕು. ಒಳಗೆ ಕಂದು ಅಥವಾ ಕಪ್ಪು ಗೆರೆಗಳಿದ್ದರೆ ನೆಟೆ ರೋಗವೆಂದು ಬಹುಮಟ್ಟಿಗೆ ಹೇಳಬಹುದು. ಮಳೆ ಕೈಕೊಟ್ಟು ಬಿಸಿಲು ಬಿದ್ದಾಗ ಬರುವ ಒಣ ಬೇರು ಕೊಳೆಯಲ್ಲಿ ಗಿಡ ಹೀಗೆಯೇ ಬಾಡುತ್ತದೆ, ಆದರೆ ಅದರ ಬೇರು ಕೊಳೆತು ಪೆಡಸಾಗಿ ಕಿತ್ತರೆ ಮುರಿಯುತ್ತದೆ. ಒಂದೊಂದು ಹೊಲದಲ್ಲಿ ಎರಡೂ ಕೂಡಿಯೇ ಬಂದಿರುತ್ತವೆ.

ಚಿತ್ರದಿಂದಲೇ ಎಲ್ಲವೂ ತಿಳಿಯುತ್ತದೆಂದು ಭಾವಿಸಬೇಡಿ. ರೈತ ಸಂಪರ್ಕ ಕೇಂದ್ರಕ್ಕೋ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಬರುವಾಗ ಆ ಹೊಲದ ಮೂರು ವರ್ಷದ ಸಾಲುಗಳನ್ನು ಸೋಸಿ ತೆರೆದಿಟ್ಟುಕೊಂಡು ಬನ್ನಿ. ಜೊತೆಗೆ ಈಗತಾನೇ ಬಾಡಲು ತೊಡಗಿದ ಎರಡು ಗಿಡಗಳನ್ನು ಬೇರು ಹರಿಯದಂತೆ ಸಲಿಕೆಯಿಂದ ಅಗೆದು, ಮಣ್ಣನ್ನು ಮೆಲ್ಲಗೆ ಉದುರಿಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ತಂದರೆ ದಾರಿಯಲ್ಲಿಯೇ ಬೆವತು ಕೊಳೆಯುತ್ತದೆ. ಪತ್ರಿಕೆಯ ಮೇಲೆ ಸರ್ವೆ ನಂಬರನ್ನೂ ತಾರೀಖನ್ನೂ ಪೆನ್ಸಿಲಿನಿಂದ ಬರೆದಿರಲಿ. ಪೆನ್ನಿನ ಮಸಿ ತೇವಕ್ಕೆ ಹರಡಿಹೋಗುತ್ತದೆ.